ಮೆಣಸಿನಕಾಯಿ ಗೋದಾಮಿನ ನೈಟ್ ಕ್ಲಬ್

ಬೆಟಗೇರಿಯಲ್ಲಿ ನಮ್ಮದೊಂದು ನೈಟ್ ಕ್ಲಬ್ ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ಅದು ಸಂಜೆ ಐದಕ್ಕೆ ಬಾಗಿಲು ತೆರೆದು ಎಂಟಕ್ಕೆ ಹಾಕುತ್ತಿತ್ತು ಅಂದರೆ ನಗುತ್ತಾರೆ. ನಗಲಿ. ಎಂಟು ದಾಟಿದರೆ ಮುಂಡರಗಿ, ಶಿರಹಟ್ಟಿ ಕಡೆಯವರಿಗೆ ಬಸ್ಸಿನ ಚಿಂತೆ, ಮತ್ತು ಬಸ್ಸು ತಪ್ಪಿಸಿಕೊಂಡು ಕುಣಿಯುವಷ್ಟು ಹುಚ್ಚು ನಮ್ಮ ಕಡೆ ಯಾರಿಗೂ ಇಲ್ಲ.

ಅದನ್ನು ತೆರೆದವನು ನನ್ನ ಕಾಕಾ, ಅಪ್ಪನ ತಮ್ಮ. ನಮ್ಮ ಬೆಟಗೇರಿಯ ಜೋಡಿ ಊರು ಗದಗ, ಧಾರವಾಡದಿಂದ ಬೇರೆಯಾಗಿ ಆಗಷ್ಟೇ ಜಿಲ್ಲೆಯಾಗಿತ್ತು. ಇಡೀ ಊರು ಹೊಸ ಅಳಿಯನ ಹಾಗೆ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ ಕಾಲ. ನಿನ್ನೆಯವರೆಗೆ ಬರೀ ಖಾನಾವಳಿಯಾಗಿದ್ದದ್ದು ಜಿಲ್ಲಾ ಖಾನಾವಳಿಯಾಯಿತು. ಎದುರಿನ ಕ್ಷೌರದಂಗಡಿಯವನು ಸುಮ್ಮನಿರುತ್ತಾನೆಯೇ, ಅವನೂ ಬೋರ್ಡಿನಲ್ಲಿ ಜಿಲ್ಲಾ ಅಂತ ಬರೆಸಿದ. ಹೊಸ ಹೊಸ ಆಫೀಸರುಗಳು ಬಂದು ಬಾಡಿಗೆ ಮನೆ ಹುಡುಕುತ್ತ ಓಣಿ ಓಣಿ ತಿರುಗಿದರು. ಕಾಲೇಜುಗಳಲ್ಲಿ ಸುತ್ತಲಿನ ತಾಲೂಕಿನ ಹುಡುಗರು ಕಾಲಿಡಲು ಜಾಗವಿಲ್ಲದಷ್ಟು ತುಂಬಿಕೊಂಡರು. ಇದನ್ನೆಲ್ಲ ನೋಡುತ್ತ ಕಾಕಾನ ತಲೆಯಲ್ಲಿ ಹುಳ ಹೊಕ್ಕಿತು.

"ಜಿಲ್ಲಾ ಆತು, ದೊಡ್ಡ ದೊಡ್ಡ ಆಫೀಸ್ ಬಂದವು. ಈಗ ಕಡಿಮಿ ಇರೋದು ನೈಟ್ ಕ್ಲಬ್ ಒಂದ," ಅಂದ ಒಂದು ದಿನ ಊಟದ ಹೊತ್ತಿನಲ್ಲಿ.

"ನೀ ಎಲ್ಲಿ ನೋಡೀಯಪಾ ಅದನ್ನ?" ಅಂತ ನಮ್ಮವ್ವ ಕೇಳಿದಳು.

ಗೋವಾದಲ್ಲಿ ನೋಡಿದ್ದನಂತೆ. ವ್ಯಾಪಾರದ ಗೆಳೆಯರ ಜೊತೆ ಹೋದಾಗ ಒಂದು ಕ್ಲಬ್ಬಿನ ಬಾಗಿಲಿಗೆ ಹೋಗಿದ್ದ. ಧೋತರ ಉಟ್ಟು ಚಪ್ಪಲಿ ಮೆಟ್ಟಿದವನನ್ನು ಬಾಗಿಲಲ್ಲಿ ನಿಂತವನು ಒಳಗೆ ಬಿಡಲಿಲ್ಲ. ಕಾಕಾ ಎದುರಿನ ಕಟ್ಟೆಯ ಮೇಲೆ ಕುಳಿತು ಗೆಳೆಯರು ಹೊರಗೆ ಬರುವವರೆಗೆ ಕಾದ. "ಸಪ್ಪಳ ಕೇಳಿಸ್ತು, ಬಣ್ಣದ ಬೆಳಕ ಕಂಡ್ವು, ಒಳಗ ಹೋದವರು ಬೆವತು ಹೊರಗ ಬಂದ್ರು. ಇನ್ನ ತಿಳಕೊಳ್ಳೋದ ಏನೈತಿ?" ಅಂದ. ಹೀಗೆ ನಮ್ಮ ಕಾಕಾ ಬಾಗಿಲ ಹೊರಗಿನಿಂದ ಕಂಡಷ್ಟನ್ನೇ ನಂಬಿ ಒಂದು ನೈಟ್ ಕ್ಲಬ್ ಕಟ್ಟಲು ಹೊರಟ.

ಜಾಗ ನಮ್ಮದೇ ಗೋದಾಮು. ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ. ಸುಗ್ಗಿ ಬಂದಾಗ ಗೋದಾಮು ಮಾಳಿಗೆವರೆಗೆ ತುಂಬುತ್ತಿತ್ತು, ಉಳಿದ ತಿಂಗಳು ಇಲಿಗಳ ಪಾಲು. ಕಾಕಾ ಕೇಳಿದಾಗ ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. "ಮೆಣಸಿನಕಾಯಿ ಬರೋತನಕ ಕುಣೀರಿ. ಚೀಲ ಬಂದ ದಿನ ಬಂದ್," ಅಂದ. ಅಪ್ಪನ ಮಾತು ಅಷ್ಟೇ ಇರುತ್ತಿತ್ತು.

ಅಪ್ಪನ ಬಗ್ಗೆ ಎರಡು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೊದಲನೆಯದು ಸೀನು. ಹೊರಗೆ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನ, ಎರಡನೆಯದು ಬಂದರೆ ದೋಷವಿಲ್ಲ. ಇದು ನಮ್ಮ ಮನೆಯ ಕಾಯಿದೆ. ನನಗೆ ನೆಗಡಿಯಾಗಿದ್ದ ದಿನ ಅಪ್ಪ ಹೊಸ್ತಿಲಲ್ಲಿ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ನಿಂತು, "ಇನ್ನೊಂದ ಸೀನವಾ, ಮಾರ್ಕೆಟ್ಟಿಗೆ ಹೊತ್ತಾಗ್ತೈತಿ," ಅಂತ ನನ್ನನ್ನು ಗೋಗರೆದದ್ದುಂಟು. ಎರಡನೆಯದು, ತಮ್ಮನ ಹೆಂಡತಿಯ ಜೊತೆ ಅಪ್ಪ ನೇರ ಮಾತಾಡುತ್ತಿರಲಿಲ್ಲ. ಭಾವ ಮತ್ತು ತಮ್ಮನ ಹೆಂಡತಿ ಎದುರಾಬದುರು ಮಾತಾಡಬಾರದು ಅನ್ನುವುದು ಹಿರಿಯರಿಂದ ಬಂದ ಮರ್ಯಾದೆ. ಆದ್ದರಿಂದ ಕಾಕಿ ಎದುರಿಗೇ ನಿಂತಿದ್ದರೂ, "ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ನಿಮ್ಮ ಕಾಕಿಗೆ ಹೇಳವಾ," ಅಂತ ನನಗೆ ಹೇಳುತ್ತಿದ್ದ. ಕಾಕಿ ಸೆರಗು ಮುಂದೆ ಎಳೆದುಕೊಂಡು, "ಉಪ್ಪು ತಾಟಿನ ಬಾಜೂಕ ಐತಿ ಅಂತ ಭಾವಾರಿಗೆ ಹೇಳವಾ," ಅನ್ನುತ್ತಿದ್ದಳು. ನಡುವೆ ನಾನು ಉಣ್ಣುತ್ತ ತಲೆಯಾಡಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಎಲ್ಲ ತಿಳಿದಿರುತ್ತಿತ್ತು, ಆದರೂ ನಾನು ಅಲ್ಲಿ ಕುಳಿತಿರಲೇಬೇಕಿತ್ತು.

ಕಾಕಿ ಮುಂಡರಗಿಯ ಮಗಳು. ಗೋದಾಮು ಗುಡಿಸಿ ಖಾಲಿ ಮಾಡಿದ ದಿನ ನಾವಿಬ್ಬರೇ ಇದ್ದೆವು. ಪೊರಕೆ ಹಿಡಿದುಕೊಂಡೇ ಅವಳು ನಡುಮಧ್ಯೆ ನಿಂತು ಸುತ್ತ ನೋಡಿದಳು.

"ನಾನೂ ಒಮ್ಮೆ ಇಲ್ಲೆ ಕುಣೀಬೇಕ ನೋಡು. ಸಾಲ್ಯಾಗ ವರ್ಷದ ಗ್ಯಾದರಿಂಗಿಗೆ ಕುಣದದ್ದ ಕಡೀ," ಅಂದಳು.

"ಈಗ ಕುಣಿ, ಯಾರದಾರ ಇಲ್ಲಿ?" ಅಂದೆ.

"ಯಾರೂ ಇಲ್ಲದಾಗ ಕುಣ್ಯಾಕ ನನಗೇನ ದೆವ್ವ ಬಡದೈತೇನು? ಯಾರರ ಏಳು ಅನ್ನಬೇಕು, ಏಳಬೇಕು," ಅಂದು ಮತ್ತೆ ಗುಡಿಸತೊಡಗಿದಳು.

ದೀಪ, ಹಾಡು ಎಲ್ಲ ನಮ್ಮ ಓಣಿಯ ಮೈಕ್‌ಸೆಟ್ ಚಾಚಾನ ಜವಾಬ್ದಾರಿ. ಊರಿನ ಗಣಪತಿಗೂ ಉರುಸಿಗೂ ಮದುವೆಗೂ ದೀಪ ಕಟ್ಟುವವನು ಅವನೇ. ಕಾಕಾ ಹೇಳಿದ ಹೊಳೆಯುವ ಗುಂಡನ್ನು ಅವನು ಒಂದು ಮಣ್ಣಿನ ಗಡಿಗೆಗೆ ಕನ್ನಡಿ ಚೂರು ಅಂಟಿಸಿ ಮಾಡಿದ. ಅದನ್ನು ಹಳೇ ಫ್ಯಾನಿನ ಮೋಟರಿಗೆ ಕಟ್ಟಿ ತಿರುಗಿಸಿದರೆ ಗೋದಾಮಿನ ಗೋಡೆಯ ತುಂಬ ಬೆಳಕು ಓಡಾಡುತ್ತಿತ್ತು. ಫ್ಯಾನಿಗೆ ಎರಡೇ ವೇಗ, ಒಂದು ನಿಂತಂತೆ, ಇನ್ನೊಂದು ಗಡಿಗೆ ಕಿತ್ತು ಬೀಳುವಂತೆ. ಕುಡಿಯಲಿಕ್ಕೆ ಮಸಾಲಾ ಸೋಡಾ, ತಿನ್ನಲಿಕ್ಕೆ ಮಿರ್ಚಿ, ಗಿರ್ಮಿಟ್. ಆಗ ನಾನು ಬಿ.ಎ. ಓದುತ್ತಿದ್ದೆ. ಕಾಲೇಜಿನವರಿಗೆ ಯಾವ ಹಾಡು ಹಿಡಿಸುತ್ತದೆ ಅಂತ ಹೇಳಲಿಕ್ಕೆ ಚಾಚಾನ ಪಕ್ಕ ನನಗೊಂದು ಸ್ಟೂಲು.

ಮೊದಲ ಸಂಜೆ ಪೇಟೆಯ ಅಂಗಡಿಕಾರರನ್ನು ಕರೆದಿದ್ದೆವು. ಎಲ್ಲರೂ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಒಳಗೆ ಬಂದು ಗೋಡೆಗುಂಟ ಹಾಸಿದ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಚಾಚಾ ಹಾಡು ಹಚ್ಚಿದ. ಯಾರೂ ಏಳಲಿಲ್ಲ. ಧ್ವನಿ ಏರಿಸಿದ. ಕೆಲವರು ತಲೆದೂಗಿದರು, ಒಬ್ಬ ಹಿರಿಯರು ತೊಡೆಯ ಮೇಲೆ ತಾಳ ಹಾಕಿದರು. ಗಡಿಗೆ ತಿರುಗಿತು, ಮಿರ್ಚಿ ಖಾಲಿಯಾಯಿತು, ನಡುವಿನ ಜಾಗ ಮಾತ್ರ ಖಾಲಿಯೇ ಇತ್ತು. ಎಂಟಾಗುತ್ತಲೇ ಎಲ್ಲರೂ ಎದ್ದು ಕೈಮುಗಿದು, "ಭಾಳ ಛಲೋ ಆತ್ರಿ ಕಾರ್ಯಕ್ರಮ," ಅಂತ ಹೇಳಿ ಹೋದರು.

ಕಾಕಾ ಸೋಡಾ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. ಕಾಕಿ ತಾಟು ಎತ್ತುತ್ತ ಕೇಳಿದಳು: "ನೀವು ಯಾರಿಗೆ ಏಳ್ರಿ ಅಂದ್ರಿ?"

"ಹಾಡ ಹಚ್ಚೇನಲ್ಲ."

"ಅಡಿಗಿ ಮಾಡಿಟ್ರ ಆತೇನು? ಬಡಿಸೋರ ಬ್ಯಾಡೇನು? ಒತ್ತಾಯ ಇಲ್ಲದ ಯಾರ ಏಳ್ತಾರ?"

ಕಾಕಿ ಅಂದದ್ದು ಸರಿ ಅಂತ ನನಗೆ ಆ ಕ್ಷಣವೇ ಹೊಳೆಯಿತು. ನಮ್ಮ ಕಡೆ ಊಟಕ್ಕೆ ಕುಳಿತವರು ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಒಲ್ಲೆ ಅನ್ನುತ್ತಾರೆ. ಬಡಿಸುವವರು ನಮ್ಮ ಮ್ಯಾಲೆ ಸಿಟ್ಟೇನ್ರಿ ಅನ್ನಬೇಕು. ಮತ್ತೆ ಒಲ್ಲೆ. ಮತ್ತೆ ಒತ್ತಾಯ. ಆಗ ಕೈ ಒಂದಿಷ್ಟು ಸರಿಯುತ್ತದೆ, ಹೋಳಿಗೆ ಬೀಳುತ್ತದೆ. ಮೊದಲ ಒಲ್ಲೆಯನ್ನು ನಂಬಿ ಮುಂದೆ ಹೋಗುವವನು ಮನುಷ್ಯನೇ ಅಲ್ಲ. ಹಾಗೆ ನಂಬಿದ ಮನೆಯ ಹೆಸರನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳಿ ಹೇಳಿ ಬೈಯುತ್ತಾರೆ. ಬೆಂಗಳೂರಿನವರು 'ಬೇಕಾ' ಅಂತ ಒಮ್ಮೆ ಕೇಳಿ ಪಾತ್ರೆ ಒಳಗೆ ಇಡುತ್ತಾರಲ್ಲ, ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಂಥ ಮಂದಿಯನ್ನು ಕರೆದು ಬರೀ ಹಾಡು ಹಚ್ಚಿ ಕುಣಿಯಿರಿ ಅಂದರೆ ಹೇಗೆ ಕುಣಿದಾರು? ಪಾಪ, ಇಡೀ ಸಂಜೆ ಯಾರಾದರೂ ಬಂದು ಏಳಿಸುತ್ತಾರೆ ಅಂತ ಕಾದು ಕುಳಿತಿದ್ದರು.

ಮರುದಿನದಿಂದ ಒತ್ತಾಯದ ಕೆಲಸ ಕಾಕಿಯ ಪಾಲಿಗೆ ಬಂತು. ಬಂಧುಬಳಗದ ಮದುವೆಗಳಲ್ಲಿ ಬಡಿಸಲಿಕ್ಕೆ ಅವಳದೇ ಮೊದಲ ಕರೆ. ಸೆರಗು ಸೊಂಟಕ್ಕೆ ಸಿಗಿಸಿ ಸಾಲಿನ ತುದಿಯಿಂದ ಶುರು ಮಾಡಿದಳು. "ಏಳ್ರಿ, ಒಂದ ಸುತ್ತರೆ ಕುಣೀರಿ. ಹಂಗ ಕುಂತ ಹೋದ್ರ ನಮಗ ಬ್ಯಾಸರ ಆಗ್ತೈತ್ರಿ." ಒಲ್ಲೆವು ಅಂದರು. "ಅರ್ಧಾ ಸುತ್ತರೆ." ಕಾಲು ನೋವು ಅಂದರು. "ಕಾಲಿಗೆ ಎಣ್ಣಿ ನಾ ಕೊಡ್ತೀನಿ, ಏಳ್ರಿ ಮದ್ಲ." ಒಬ್ಬರು ಎದ್ದರು, ಅವರ ಹಿಂದೆ ಇಡೀ ಸಾಲು ಎದ್ದಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲ ನಿಜಕ್ಕೂ ಡೊಂಕಿತ್ತು. ಹಾಸುಗಲ್ಲುಗಳ ಸಂದಿಯಲ್ಲಿ ಎಷ್ಟೋ ಸುಗ್ಗಿಗಳ ಮೆಣಸಿನಕಾಯಿ ಪುಡಿ ಕೂತಿತ್ತು. ಅಷ್ಟು ಜನ ಒಮ್ಮೆಲೇ ಕಾಲು ಬಡಿದಾಗ ಅದು ಎದ್ದಿತು. ಮೊದಲು ಒಬ್ಬರು ಸೀನಿದರು, ಆಮೇಲೆ ಹತ್ತು ಜನ, ಆಮೇಲೆ ಹಾಡೇ ಕೇಳದ ಹಾಗಾಯಿತು. ಕಣ್ಣು ಮೂಗು ಒರೆಸಿಕೊಳ್ಳುತ್ತ ಕುಣಿದರೇ ಹೊರತು ಒಬ್ಬರೂ ಕೂರಲಿಲ್ಲ, ಅಷ್ಟು ಒತ್ತಾಯ ಮಾಡಿಸಿಕೊಂಡು ಎದ್ದವರು ಕೂಡಲೇ ಕೂತರೆ ಚೆಂದವಲ್ಲ ಅಂತ. "ಸೀನು ಜೋಡಿ ಜೋಡಿ ಬರಾಕತ್ಯಾವು, ಶುಭ," ಅಂದಳು ಕಾಕಿ. ಎಂಟಕ್ಕೆ ಎಲ್ಲರೂ ಕೆಂಪು ಕಣ್ಣು ಮಾಡಿಕೊಂಡು ಹೊರಬಿದ್ದದ್ದನ್ನು ನೋಡಿ ದಾರಿಯಲ್ಲಿ ಹೋಗುವವರೊಬ್ಬರು ಟೋಪಿ ತೆಗೆದು, ಯಾರು ತೀರಿಕೊಂಡರು ಅಂತ ಚಾಚಾನನ್ನು ವಿಚಾರಿಸಿದರು.

ಅಲ್ಲಿಂದ ಮುಂದೆ ಕ್ಲಬ್ ಓಡಿತು. ಆದರೆ ಎಲ್ಲರನ್ನೂ ಒಂದೇ ದಿನ ಕರೆಯುವಂತಿರಲಿಲ್ಲ. ಕಾಲೇಜು ಹುಡುಗರ ಎದುರು ಅವರ ಮೇಷ್ಟ್ರು ಕುಣಿಯರು, ಆಫೀಸರ ಎದುರು ಗುಮಾಸ್ತ ಕುಣಿಯನು. ಆದ್ದರಿಂದ ಒಂದೊಂದು ಥರದ ಮಂದಿಗೆ ಒಂದೊಂದು ಸಂಜೆ ಅಂತ ಕಾಕಾ ಬೋರ್ಡು ಬರೆಸಿದ.

ಆಫೀಸಿನವರ ಸಂಜೆಯೇ ಎಲ್ಲಕ್ಕಿಂತ ಕಷ್ಟದ್ದು. ಸಾಹೇಬರು ಏಳದೆ ಕೈಕೆಳಗಿನವರು ಏಳುವುದಿಲ್ಲ. ಸಾಹೇಬರಿಗೋ ತಮಗಿಂತ ಮೇಲಿನವರು ರಜೆಯಲ್ಲಿರುವಾಗ ತಾವು ಕುಣಿಯಬಹುದೇ ಅನ್ನುವ ಅನುಮಾನ. ಕಾಕಿ ಅವರ ಎದುರು ನಿಂತು, "ಹಿರೇರು ನೀವ ಕೈ ಹಚ್ಚದ ಇದ್ರ ಇಡೀ ಪಂಕ್ತಿ ಹಸಗೊಂಡ ಕುಂಡ್ರತೈತ್ರೀ," ಅಂದಳು. ಸಾಹೇಬರು ಎದ್ದು, ಕೈ ಹಿಂದೆ ಕಟ್ಟಿಕೊಂಡೇ, ತಪಾಸಣೆಗೆ ಬಂದವರಂತೆ ಎಡಕ್ಕೆ ಬಲಕ್ಕೆ ತೂಗಿದರು. ಅವರ ಹಿಂದೆ ಇಡೀ ಆಫೀಸು ಕೈ ಹಿಂದೆ ಕಟ್ಟಿಕೊಂಡು ತೂಗಿತು.

ಕಾಲೇಜು ಹುಡುಗರಿಗೆ ಒತ್ತಾಯ ಬೇಕಿರಲಿಲ್ಲ. ಅವರು ಬಾಗಿಲಲ್ಲೇ ಕುಣಿಯುತ್ತ ಬರುತ್ತಿದ್ದರು. ಅವತ್ತು ಕಾಕಿಯದು ಉಲ್ಟಾ ಕೆಲಸ. "ಸಾಕ್ರೋ ಯಪ್ಪಾ, ಒಂದೀಟ ಕುಂಡ್ರಿ, ಸೋಡಾ ಕುಡೀರಿ," ಅಂತ ಕೂರಿಸಲು ಒತ್ತಾಯ. ಅದಕ್ಕೂ ಅವರು ಒಲ್ಲೆ ಅನ್ನುತ್ತಿದ್ದರು.

ಒಂದು ಸಂಜೆಗೆ ಕಾಕಾ 'ಶಿರಹಟ್ಟಿ ತಾಲೂಕಿನವರಿಗೆ' ಅಂತ ಬರೆಸಿದ. ಆಗ ಅದೇ ತಾಲೂಕಿನಲ್ಲಿದ್ದ ಲಕ್ಷ್ಮೇಶ್ವರದವರು ಬಂದು ಬೋರ್ಡು ಓದಿ ಬಾಗಿಲಲ್ಲೇ ನಿಂತುಬಿಟ್ಟರು. ತಾಲೂಕು ಶಿರಹಟ್ಟಿಯದೇ ಇರಬಹುದು, ಊರು ಯಾವುದು ದೊಡ್ಡದು ಅಂತ ಜಗತ್ತಿಗೇ ಗೊತ್ತು, ತಮ್ಮ ಊರಿನ ಹೆಸರಿಲ್ಲದ ಕಡೆ ತಾವು ಕಾಲಿಡುವುದಿಲ್ಲ ಅಂದರು. ಚಾಚಾ ಸೀಮೆಸುಣ್ಣದಲ್ಲಿ ಲಕ್ಷ್ಮೇಶ್ವರ ಅಂತ ಸೇರಿಸಿದ. ಒಳಗೆ ಬಂದರು. ಈಗ ಮೊದಲು ಯಾರು ಏಳಬೇಕು? ಅವರು ಏಳಲಿ ಅಂತ ಇವರು, ಇವರು ಏಳಲಿ ಅಂತ ಅವರು. ಕಡೆಗೆ ಕಾಕಿ ಒಂದು ಕೈಯಲ್ಲಿ ಶಿರಹಟ್ಟಿಯ ಅಜ್ಜಿಯೊಬ್ಬಳನ್ನು, ಇನ್ನೊಂದು ಕೈಯಲ್ಲಿ ಲಕ್ಷ್ಮೇಶ್ವರದ ಅಜ್ಜಿಯೊಬ್ಬಳನ್ನು ಹಿಡಿದು ಒಟ್ಟಿಗೇ ಎಬ್ಬಿಸಿದಳು. ಎದ್ದ ಮೇಲೆ ಆ ಅಜ್ಜಿಯರು ಬೀಗರಾಗುವಷ್ಟು ಹತ್ತಿರವಾದರು.

ಇಷ್ಟೆಲ್ಲ ಜನರನ್ನು ಎಬ್ಬಿಸಿದ ಕಾಕಿಗೆ ಏಳು ಅನ್ನುವವರು ಯಾರೂ ಇರಲಿಲ್ಲ. ಯಾರಿಗೂ ಹೊಳೆಯಲೇ ಇಲ್ಲ. ಬಡಿಸುವವಳ ಹಸಿವು ಉಣ್ಣುವವರಿಗೆ ಕಾಣುವುದಿಲ್ಲ. ಮುಂಡರಗಿಯವರ ಸಂಜೆಗಾಗಿ ಅವಳು ಬಹಳ ಕಾದಿದ್ದಳು. ತವರಿನ ಮಂದಿ, ತನ್ನನ್ನು ಗ್ಯಾದರಿಂಗಿನಲ್ಲಿ ನೋಡಿದವರು ಒಬ್ಬರಾದರೂ ಇರುತ್ತಾರೆ ಅಂತ. ಟ್ರಂಕಿನಿಂದ ಹಳೇ ಗೆಜ್ಜೆ ತೆಗೆದು ಇಳಕಲ್ ಸೀರೆಯ ಒಳಗೆ ಕಟ್ಟಿಕೊಂಡು ಬಂದಳು. ನಡೆದರೆ ಸಣ್ಣಗೆ ಸಪ್ಪಳವಾಗುತ್ತಿತ್ತು. ತವರಿನವರು ಬಂದರು, ಆರಾಮ ಇದ್ದೀಯೇನವ್ವಾ ಅಂದರು, ಸೊರಗಿದ್ದೀ ಅಂದರು, ಕಾಕಿ ಒತ್ತಾಯ ಮಾಡಿದಂತೆಲ್ಲ ಎದ್ದು ಕುಣಿದರು, ಬಸ್ಸಿಗೆ ಹೊತ್ತಾಯಿತು ಅಂತ ಹೋದರು. ಅವಳು ಮೂಲೆಯಲ್ಲಿ ಕುಳಿತು ಗೆಜ್ಜೆ ಬಿಚ್ಚುವುದನ್ನು ನೋಡಿ ನನಗೆ ಮುಂಡರಗಿಯವರ ಮೇಲೆ, ಕಾಕಾನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

"ಕಾಕಾ, ನೀನರ ಆಕಿಗೆ ಏಳು ಅನ್ನು," ಅಂದೆ.

"ನಾಕ ಮಂದಿ ಎದುರು ಹೆಂಡ್ತಿಗೆ ಕುಣಿ ಅಂತ ಹೆಂಗ ಅನ್ನಲೇ?" ಅಂದ. ಅವನ ಕಿವಿ ಕೆಂಪಾಯಿತು. ಗೋವಾಕ್ಕೆ ಹೋಗಿಬಂದ ಧೀರ.

ನಾನೇ ಕಾಕಿಯ ಕೈ ಹಿಡಿದು ಎಳೆದೆ. ಅವಳು ಬಿಡಿಸಿಕೊಂಡಳು. "ನೀ ಸಣ್ಣಾಕಿ. ನಿನ್ನ ಮಾತಿಗೆ ಎದ್ರ, ಯಾವಾಗ ಎಬ್ಬಿಸ್ತಾರೋ ಅಂತ ಕಾದ ಕುಂತಿದ್ಲು ಅಂತಾರ. ಹಿರೇರ ಹೇಳಬೇಕು."

ಕಾದೇ ಕುಳಿತಿದ್ದಳು.

ಹೆಂಗಸರಿಗೆ ಮಾತ್ರ ಮಧ್ಯಾಹ್ನದ ಹೊತ್ತು. ಬೋರ್ಡಿನಲ್ಲಿ 'ಹೆಂಗಸರ ನೈಟ್ ಕ್ಲಬ್, ಮಧ್ಯಾಹ್ನ ಮೂರಕ್ಕೆ' ಅಂತಲೇ ಇತ್ತು. ಚಾಚಾನನ್ನು ಹೊರಗೆ ಕಳಿಸಿ ಹಾಡು ಹಚ್ಚುವುದನ್ನು ನಾನು ನೋಡಿಕೊಳ್ಳುತ್ತಿದ್ದೆ. ನೇಕಾರರ ಓಣಿಯವರು, ಚಾಚಾನ ಮನೆಯವರು, ಆಫೀಸರ ಹೆಂಡಂದಿರು, ನನ್ನ ಕಾಲೇಜಿನ ಗೆಳತಿಯರು ಎಲ್ಲರೂ ಬರುತ್ತಿದ್ದರು, ಮತ್ತು ಗಂಡಸರ ಯಾವ ಸಂಜೆಯಲ್ಲೂ ಕಾಣದಷ್ಟು ಜೋರಾಗಿ ಕುಣಿಯುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಎಲ್ಲರೂ ಮಿರ್ಚಿಗೆ ಕುಳಿತಿದ್ದಾಗ, ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಅಳತೆಯ ಟೇಪು.

ಇಡೀ ಗೋದಾಮಿನ ಸೆರಗುಗಳು ಒಮ್ಮೆಲೇ ತಲೆಗೇರಿದವು. ನಾನು ಹಾಡು ನಿಲ್ಲಿಸಿದೆ. ಕಾಕಿ ಕಂಬದ ಮರೆಗೆ ಸರಿದಳು.

"ನಾಳೆ ಮುಂಜಾನೆ ಚೀಲ ಬರ್ತಾವು, ಇವತ್ತಿಗೆ ಮುಗೀತು ಅಂತ ನಿಮ್ಮ ಕಾಕಿಗೆ ಹೇಳವಾ," ಅಂದ ಅಪ್ಪ ಬಾಗಿಲಿನಿಂದಲೇ.

ಅಪ್ಪನಿಗೆ ಎದುರಾಡಿದವಳಲ್ಲ ನಾನು. ಅವತ್ತು ತಡೆಯಲಾಗಲಿಲ್ಲ. "ಹೇಳೂದಿಲ್ಲ. ಊರ ಮಂದೀನ್ನೆಲ್ಲಾ ಎಬ್ಬಿಸಿದ್ಲು, ಆಕೀನ್ನ ಒಬ್ಬರೂ ಏಳು ಅನ್ನಲಿಲ್ಲ. ಬಡಿಸಿದಾಕಿ ಹಸಗೊಂಡ ಉಳದಾಳ," ಅಂದೆ.

ಅಪ್ಪ ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. ನಮ್ಮ ಮನೆಯ ಮದುವೆಗಳಲ್ಲಿ ಕಡೆಯ ಪಂಕ್ತಿ ಬಡಿಸಿದವರದು. ಅವರಿಗೆ ಮನೆಯ ಹಿರಿಯ ತಾನೇ ನಿಂತು ಬಡಿಸಬೇಕು, ಅವರು ಉಂಡ ಮೇಲೆಯೇ ಕಾರ್ಯ ಮುಗಿದಂತೆ. ಆ ಕೆಲಸ ಅಪ್ಪ ಎಂದೂ ಬೇರೆಯವರಿಗೆ ಬಿಟ್ಟಿರಲಿಲ್ಲ.

"ನಿಮ್ಮ ಕಾಕಿಗೆ ಹೇಳವಾ," ಅಂದ ಕಡೆಗೆ, "ಎಲ್ಲಾರದೂ ಆತು. ಇನ್ನ ಆಕಿ ಏಳಲಿ."

ಹೆಂಗಸರೆಲ್ಲ ಕಂಬದ ಕಡೆ ನೋಡಿದರು. "ಒಲ್ಲೆ ಅಂತ ಹೇಳವಾ," ಅಂದಿತು ಕಂಬ. "ನನಗ ಬರೂದಿಲ್ಲ ಅಂತ ಹೇಳು."

ಎಲ್ಲರೂ ಬಾಗಿಲ ಕಡೆ ತಿರುಗಿದರು. "ಬಂದಷ್ಟ ಕುಣಿ ಅಂತ ಹೇಳು."

"ಭಾವಾರ ಎದುರು ಹೆಂಗ ಅಂತ ಕೇಳವಾ."

"ನಾ ಗ್ವಾಡಿ ಅಳ್ಯಾಕ ಬಂದೇನಿ. ಗ್ವಾಡಿ ಕಡೆ ಮಾರಿ ಮಾಡಿರ್ತೀನಿ ಅಂತ ಹೇಳು. ನಮ್ಮನ್ಯಾಗ ಬಡಿಸಿದವರು ಹಸಗೊಂಡ ಉಳೀಬಾರದು, ಏಳಬೇಕು ಅಂತ ಹೇಳು." ಹೇಳಿದವನೇ ಅಪ್ಪ ನಮಗೆ ಬೆನ್ನು ಮಾಡಿ ಗೋಡೆಗೆ ಟೇಪು ಹಚ್ಚಿದ. ನಾನು ಒಂದು ಮಾತೂ ಆಡಬೇಕಾಗಿ ಬರಲಿಲ್ಲ.

ಕಾಕಿ ಕಂಬದ ಮರೆಯಿಂದ ಬಂದಳು. ಸೆರಗು ಸೊಂಟಕ್ಕೆ ಸಿಗಿಸಿದಳು. ಹೆಜ್ಜೆ ಇಟ್ಟಾಗ ಗೆಜ್ಜೆಯ ಸಪ್ಪಳ ಕೇಳಿಸಿತು. ಅವಳು ಅವತ್ತೂ ಕಟ್ಟಿಕೊಂಡು ಬಂದಿದ್ದಳು. ಪ್ರತಿ ದಿನವೂ ಕಟ್ಟಿಕೊಂಡು ಬರುತ್ತಿದ್ದಳೋ ಏನೋ. ನಾನು ಹಾಡು ಹಚ್ಚಿದೆ. ಗಡಿಗೆ ತಿರುಗತೊಡಗಿತು. ಕಾಕಿ ಬಲಗಾಲು ಎತ್ತಿದಳು.

ಆಗ ಅಪ್ಪ ಸೀನಿದ. ಗೋಡೆಗುಂಟ ಮೂಗು ಇಟ್ಟು ನಿಂತವನಿಗೆ ಮೆಣಸಿನಕಾಯಿ ಘಾಟು ಹತ್ತಿತ್ತು. ಒಂದೇ ಸೀನು.

ಕಾಕಿಯ ಕಾಲು ಎತ್ತಿದಲ್ಲೇ ನಿಂತಿತು. ನಾನು ಹಾಡು ನಿಲ್ಲಿಸಿದೆ. ಅಷ್ಟು ಜನ ಹೆಂಗಸರು ಉಸಿರು ಬಿಗಿಹಿಡಿದು ಅಪ್ಪನ ಬೆನ್ನು ನೋಡುತ್ತ ಕುಳಿತರು. ಎರಡನೆಯದು ಬರಬೇಕು. ಅಪ್ಪ ಕತ್ತು ಮೇಲೆತ್ತಿದ, ಮೂಗು ತಿಕ್ಕಿದ, ಗೋಡೆಯನ್ನು ಹತ್ತಿರದಿಂದ ಮೂಸಿದ. ಬರಲಿಲ್ಲ. ಒಂಟಿ ಸೀನಿಗೆ ಮಾರ್ಕೆಟ್ಟಿನ ಹರಾಜನ್ನೇ ಬಿಟ್ಟು ಬಂದ ಮನುಷ್ಯ ಅವನು. ಅವನ ಎದುರು ಅವನ ಮನೆಯ ಸೊಸೆ ಅಪಶಕುನ ದಾಟಿ ಹೇಗೆ ಹೆಜ್ಜೆ ಇಟ್ಟಾಳು? ಕಾಕಿಯ ಮುಖ ಬಾಡಿತು. ಕಾಲು ಮೆಲ್ಲಗೆ ಕೆಳಗಿಟ್ಟು ಸೆರಗಿಗೆ ಕೈ ಹಾಕಿದಳು.

"ಹ್ಯಾ... ಕ್ಷಿ," ಅಂದ ಅಪ್ಪ.

ಅಷ್ಟು ಕೆಟ್ಟ ಸೀನನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಓದು ಬರದವನು ಅಕ್ಷರ ಕೂಡಿಸಿಕೊಂಡು ಓದುವಂತಿತ್ತು. ಅದು ಸೀನಲ್ಲ ಅಂತ ನೇಕಾರರ ಓಣಿಯವರಿಗೆ ಗೊತ್ತಾಯಿತು, ಆಫೀಸರ ಹೆಂಡಂದಿರಿಗೆ ಗೊತ್ತಾಯಿತು, ಬಾಗಿಲ ಹೊರಗಿದ್ದ ಚಾಚಾನಿಗೂ ಗೊತ್ತಾಯಿತು. ಶಕುನಕ್ಕೆ ಮೋಸ ಮಾಡಿದ ಅಪ್ಪ ಹಾಗೇ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

"ಜೋಡೀ ಆತು ಅಂತ ನಿಮ್ಮ ಕಾಕಿಗೆ ಹೇಳವಾ," ಅಂದ ಗೋಡೆಗೆ.

ಕಾಕಿ ನನ್ನ ಕಡೆ ನೋಡಿದಳು. "ಕೇಳಿಸ್ತು ಅಂತ ಭಾವಾರಿಗೆ ಹೇಳವಾ," ಅಂದಳು, ಮತ್ತು ಕುಣಿದಳು.